ಸ್ಪೇನ್ ದೇಶದ ರಿಸ್ಕಾಲ್ ದ್ರಾಕ್ಷಿ ತೋಟವೂ ಅಲ್ಲಿನ ಮದ್ಯ ತಯಾರಿಕೆಯ ಕ್ರಮವೂ

ಸ್ಪೇನ್ ದೇಶದ ಉತ್ತರ ಭಾಗದಲ್ಲಿ ಎಬ್ರೋ ನದಿಯು ಹರಿಯುವ ಕಣಿವೆಗೆ ರಿಯೋಹಾ ಸೀಮೆಯೆಂದು ಹೆಸರು. ಈ ಸೀಮೆಯ ಉತ್ತರದ ಎಲ್ಲೆಯಲ್ಲಿ ಕಾಂತಾಬ್ರಿಯಾ ಬೆಟ್ಟಸಾಲು ಗೋಡೆಯಂತೆ ನಿಂತು, ಸಮುದ್ರದ ಕಡೆಯಿಂದ ಬೀಸುವ ತೇವದ ಶೀತಗಾಳಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಬೆಟ್ಟದ ಬುಡದಿಂದ ನದಿಯವರೆಗಿನ ಇಳಿಜಾರು ಭೂಮಿಯು ಸುಣ್ಣದ ಅಂಶವುಳ್ಳ ಜೇಡಿನೆಲವಾಗಿದ್ದು, ಧಾನ್ಯದ ಬೆಳೆಗಿಂತ ದ್ರಾಕ್ಷಿಗೆ ಹೆಚ್ಚು ಯೋಗ್ಯವಾದುದು. ಅಲ್ಲಿಯೇ ಆಲಾವಾ ಪ್ರಾಂತ್ಯಕ್ಕೆ ಸೇರಿದ ಎಲ್ಸಿಯೇಗೊ ಎಂಬ ಚಿಕ್ಕ ಗ್ರಾಮವುಂಟು. ಈ ಗ್ರಾಮದಲ್ಲಿ ಹುರ್ತಾದೊ ದೆ ಅಮೇಸಾಗಾ ಮನೆತನದವರು 1858ನೆಯ ಇಸವಿಯಲ್ಲಿ ಸ್ಥಾಪಿಸಿದ ದ್ರಾಕ್ಷಿ ತೋಟವೂ ಮದ್ಯಶಾಲೆಯೂ ಇಂದಿಗೂ ನಡೆದು ಬರುತ್ತಿವೆ. ಆ ಮನೆತನಕ್ಕೆ ರಿಸ್ಕಾಲ್ ಮಾರ್ಕೆಸ್ ಎಂಬ ಬಿರುದಿದ್ದುದರಿಂದ ಅಲ್ಲಿ ತಯಾರಾದ ದ್ರಾಕ್ಷಾಮದ್ಯಕ್ಕೂ, ಎಂದರೆ ವೈನಿಗೂ, ಅದೇ ಹೆಸರು ರೂಢಿಯಾಯಿತು.

ದ್ರಾಕ್ಷಾಮದ್ಯದ ಸೇವನೆ ಒಳಿತೋ ಕೆಡುಕೋ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಆದರೆ ಸರ್ಕಾರದ ವೆಚ್ಚದಲ್ಲಿ ಕರೆತಂದ ತಜ್ಞರೊಬ್ಬರು ಬೋಧಿಸಿದ ಉತ್ತಮ ಕ್ರಮವನ್ನು ಸೀಮೆಯ ರೈತರು ಆರು ವರ್ಷಗಳಲ್ಲಿ ಕೈಬಿಟ್ಟುದೇಕೆ, ಅದೇ ಕ್ರಮವನ್ನು ಒಬ್ಬ ಜಮೀನುದಾರನು ಹಿಡಿದು ಮುಂದುವರಿಸಿದುದು ಹೇಗೆ ಎಂಬ ವಿಚಾರವು ಬೇಸಾಯದ ಸುಧಾರಣೆಯಲ್ಲಿ ಆಸ್ಥೆಯುಳ್ಳ ಗ್ರಾಮ ಮುಖಂಡರೂ ಜಮೀನುದಾರರೂ ತಿಳಿದಿರಬೇಕಾದ ಸಂಗತಿಯಾಗಿದೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ರಿಯೋಹಾದ ರೈತರು ಮದ್ಯ ಮಾಡುತ್ತಿದ್ದ ರೀತಿಯು ಬಹು ಸರಳವಾದುದು. ಗೊಂಚಲುಗಳನ್ನು ತೊಟ್ಟುಸಹಿತವಾಗಿಯೇ ಕಲ್ಲಿನ ದೊಡ್ಡ ತೊಟ್ಟಿಗಳಿಗೆ ಸುರಿದು, ತಾವಾಗಿಯೇ ಹುದುಗೇಳುವುದಕ್ಕೆ ಬಿಡುತ್ತಿದ್ದರು. ಕೆಲವು ದಿನಗಳಾದ ಮೇಲೆ ಆಳುಗಳು ತೊಟ್ಟಿಗಿಳಿದು ಬರಿಗಾಲಿನಿಂದ ತುಳಿಯುವರು. ಇಳಿದ ರಸವನ್ನು ದೊಡ್ಡ ಬಾನಿಗಳಿಗೆ ತುಂಬಿ, ಮಾರಾಟದ ಕಾಲಕ್ಕೆ ಮೇಕೆಯ ತೊಗಲಿನ ತಿತ್ತಿಗಳಲ್ಲಿ ಹೇಸರಗತ್ತೆಗಳ ಮೇಲೆ ಹೇರಿ ಸಂತೆಗಳಿಗೆ ಸಾಗಿಸುವರು. ಹೊಸದಾಗಿರುವಾಗ ಈ ಮದ್ಯವು ಸವಿಯಾಗಿಯೇ ಇರುತ್ತಿತ್ತು. ಮುಂದಿನ ಬೇಸಿಗೆಯ ಕಾವು ತಟ್ಟಿತೆಂದರೆ ಹುಳಿತು ಕೆಡುತ್ತಿತ್ತು. ಆದಕಾರಣ ವರ್ಷದೊಳಗೆ ಬಂದ ಬೆಲೆಗೆ ಮಾರಿಬಿಡಲೇಬೇಕು. ದೂರದ ಪೇಟೆಗಳಿಗೆ ಕಳುಹಿಸುವಂತಿಲ್ಲ. ಬೆಲೆ ಏರುವವರೆಗೆ ಕಾದು ಕೂರುವಂತೆಯೂ ಇಲ್ಲ. ಕೆಡುವ ಸರಕನ್ನು ಬೆಳೆಯುವ ರೈತನ ಕಷ್ಟವು ಎಲ್ಲ ದೇಶಗಳಲ್ಲಿಯೂ ಒಂದೇ.

ಈ ದೋಷವನ್ನು ನೀಗಿಸುವ ಪ್ರಯತ್ನವು ರಿಸ್ಕಾಲ್ ತೋಟಕ್ಕಿಂತ ಬಹಳ ಮೊದಲೇ ಒಮ್ಮೆ ನಡೆದಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಲಾಬಾಸ್ತೀದಾ ಎಂಬ ನೆರೆಯ ಊರಿನ ಮಾನ್ವೆಲ್ ಕಿಂತಾನೊ ಎಂಬ ಪಾದ್ರಿಯು ಫ್ರಾನ್ಸಿನ ಬೋರ್ಡೊ ಸೀಮೆಗೆ ಹೋಗಿ, ಮದ್ಯವನ್ನು ಓಕ್ ಮರದ ಪೀಪಾಯಿಗಳಲ್ಲಿಟ್ಟು ಪಕ್ವಗೊಳಿಸುವ ವಿದ್ಯೆಯನ್ನು ಕಲಿತು ಬಂದನು. ಆತನು ತಯಾರಿಸಿದ ಮದ್ಯವು ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಕ್ಯೂಬಾದ ಹವಾನಾ ನಗರವನ್ನು ಕೆಡದೆ ತಲುಪಿತು. ವಿದ್ಯೆ ಗೆದ್ದಿತು; ವ್ಯಾಪಾರ ಮಾತ್ರ ಸೋತಿತು. ಏಕೆಂದರೆ ಆ ಕಾಲದ ಕಟ್ಟುಪಾಡಿನಂತೆ ಊರಿನ ಮದ್ಯಕ್ಕೆಲ್ಲ ಒಂದೇ ದರ. ಪೀಪಾಯಿಯ ಖರ್ಚು, ವರ್ಷಗಟ್ಟಲೆ ಕಾಯುವ ಬಂಡವಾಳ ಇವನ್ನು ಆ ದರದಲ್ಲಿ ಹುಟ್ಟಿಸುವ ಬಗೆ ಇರಲಿಲ್ಲ. ಉತ್ತಮ ಸರಕಿಗೂ ಸಾಧಾರಣ ಸರಕಿಗೂ ಒಂದೇ ಬೆಲೆ ಕಟ್ಟುವ ಕಡೆಯಲ್ಲಿ ಉತ್ತಮ ಸರಕು ತಯಾರಿಸುವವನು ನಷ್ಟಪಡುವುದು ಸಹಜವೇ ಆಗಿದೆ. ನೆರೆಯ ಬೆಳೆಗಾರರ ವಿರೋಧವೂ ಕೂಡಿ ಕಿಂತಾನೊನ ಉದ್ಯಮವು ಅಲ್ಲಿಗೇ ನಿಂತಿತು.

ಅನಂತರ 1862ರಲ್ಲಿ ಆಲಾವಾ ಪ್ರಾಂತ್ಯದ ಆಡಳಿತ ಮಂಡಲಿಯವರು (ಹಿಂದೆ ನಮ್ಮಲ್ಲಿದ್ದ ಜಿಲ್ಲಾ ಬೋರ್ಡಿನಂಥ ಸಂಸ್ಥೆಯೆಂದು ತಿಳಿಯಬಹುದು) ಈ ಕಾರ್ಯವನ್ನು ಮತ್ತೆ ಕೈಗೆತ್ತಿಕೊಂಡರು. ಬೋರ್ಡೊ ನಗರದಲ್ಲಿ ಬಹುಕಾಲ ವಾಸವಾಗಿದ್ದ ರಿಸ್ಕಾಲ್ ಮನೆತನದವರ ಮೂಲಕ, ಅಲ್ಲಿನ ಮೆದೋಕ್ ಸೀಮೆಯ ಲಾನೆಸಾನ್ ಎಂಬ ತೋಟದಲ್ಲಿ ಮದ್ಯಶಾಲೆಯ ಮೇಲ್ವಿಚಾರಕರಾಗಿದ್ದ ಝಾನ್ ಪಿನೋ ಎಂಬುವರನ್ನು ಗೊತ್ತುಮಾಡಿ, ರೈತರಿಗೆ ಹೊಸ ಕ್ರಮವನ್ನು ತೋರಿಸಿಕೊಡುವುದಕ್ಕಾಗಿ ಸಂಬಳ ಕೊಟ್ಟು ಕರೆಸಿದರು.

ಪಿನೋ ಅವರು ಬೋಧಿಸಿದುದರಲ್ಲಿ ಮಂತ್ರವೇನೂ ಇರಲಿಲ್ಲ. ಅದರ ತತ್ತ್ವವನ್ನು ಕೊಂಚ ವಿವರವಾಗಿ ತಿಳಿಯುವುದು ಒಳ್ಳೆಯದು. ದ್ರಾಕ್ಷಿಯ ರಸದಲ್ಲಿರುವ ಸಕ್ಕರೆಯನ್ನು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹುದುಗಿನ ಜೀವಿಗಳು ತಿಂದು, ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಹೊರಬಿಡುತ್ತವೆ. ಹುದುಗು ಏಳುತ್ತಿರುವವರೆಗೂ ಈ ವಾಯುವು ರಸವನ್ನು ಹೊರಗಿನ ಗಾಳಿಯಿಂದ ಕಾಪಾಡುವುದು. ಹುದುಗು ನಿಂತ ಮೇಲೆ ಗಾಳಿಯು ರಸಕ್ಕೆ ತಾಕಿತೆಂದರೆ ಬೇರೊಂದು ಜಾತಿಯ ಸೂಕ್ಷ್ಮಜೀವಿಗಳು ಸೇರಿ ಮದ್ಯಸಾರವನ್ನು ಹುಳಿಯಾಗಿ, ಎಂದರೆ ವಿನೆಗರಾಗಿ ಮಾರ್ಪಡಿಸುತ್ತವೆ. ರೈತರ ಮದ್ಯವು ಬೇಸಿಗೆಯಲ್ಲಿ ಕೆಡುತ್ತಿದ್ದುದಕ್ಕೆ ಮುಖ್ಯ ಕಾರಣವಿದೇ. ಫ್ರಾನ್ಸಿನ ಲೂಯಿ ಪಾಸ್ಟರ್ ಎಂಬ ವಿಜ್ಞಾನಿಯು ಮದ್ಯದ ರೋಗಗಳನ್ನು ಕುರಿತು ಬರೆದ ಗ್ರಂಥವು ಪ್ರಕಟವಾದುದು 1866ರಲ್ಲಿ. ಬೋರ್ಡೊದ ಕೆಲಸಗಾರರಿಗಾದರೋ ಕಾರಣ ತಿಳಿಯುವ ಮೊದಲೇ ಉಪಾಯವು ಅನುಭವದಿಂದ ಗೊತ್ತಾಗಿತ್ತು.

ಆ ಉಪಾಯಗಳೆಂದರೆ, ಕೊಳೆತ ಹಣ್ಣನ್ನೂ ಕಾಯನ್ನೂ ಮೊದಲೇ ಆರಿಸಿ ತೆಗೆಯುವುದು. ಒಗರು ಇಳಿಯದಂತೆ ತೊಟ್ಟುಗಳನ್ನು ಬಿಡಿಸುವುದು. ಪಾತ್ರೆಗಳನ್ನು ಪ್ರತಿಸಾರಿಯೂ ತೊಳೆದು ಶುದ್ಧವಾಗಿಡುವುದು. ಹುದುಗು ನಿಂತೊಡನೆ ರಸವನ್ನು 225 ಲೀಟರು ಹಿಡಿಯುವ ಓಕ್ ಪೀಪಾಯಿಗಳಿಗೆ ಇಳಿಸುವುದು. ಪೀಪಾಯಿಯ ಹಲಗೆಗಳ ಮೂಲಕ ರಸವು ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗುವುದರಿಂದ, ಮೇಲೆ ಗಾಳಿಗೆ ಸ್ಥಳವಾಗದಂತೆ ಆಗಾಗ್ಗೆ ಅದೇ ಮದ್ಯವನ್ನು ತುಂಬಿ ಬಿರಡೆ ಹಾಕಬೇಕು. ಕೆಲವು ತಿಂಗಳಿಗೊಮ್ಮೆ ತಳದಲ್ಲಿ ನಿಂತ ಗಸಿಯನ್ನು ಬಿಟ್ಟು ತಿಳಿಯನ್ನು ಮಾತ್ರ, ಒಳಗೆ ಗಂಧಕದ ಬತ್ತಿಯನ್ನು ಉರಿಸಿ ಶುದ್ಧಮಾಡಿದ ಇನ್ನೊಂದು ಪೀಪಾಯಿಗೆ ಬಸಿಯಬೇಕು. ಕಡೆಯಲ್ಲಿ ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನು ಕದಡಿ ಹಾಕಿದರೆ, ಅದು ತೇಲುತ್ತಿರುವ ಸೂಕ್ಷ್ಮ ಕಣಗಳನ್ನು ಹಿಡಿದುಕೊಂಡು ತಳಕ್ಕೆ ಕೂರುತ್ತದೆ. ಓಕ್ ಹಲಗೆಯು ಅತ್ಯಲ್ಪವಾದ ಗಾಳಿಯನ್ನು ಒಳಕ್ಕೆ ಬಿಡುವುದರಿಂದ ಒಗರು ಮೆಲ್ಲಗೆ ಕಡಮೆಯಾಗಿ ಬಣ್ಣವು ಸ್ಥಿರಪಡುತ್ತದೆ; ಮರದ ಪರಿಮಳವೂ ಸೇರುತ್ತದೆ. ಇದೇ ಗಾಳಿಯು ಒಮ್ಮೆಲೇ ಹೆಚ್ಚಾಗಿ ಹೊಕ್ಕರೆ ವಿಷ, ಹದವಾಗಿ ಹೊಕ್ಕರೆ ಔಷಧ.

ಪಿನೋ ಅವರ ಬೋಧನೆಯಂತೆ ತಯಾರಾದ ಮದ್ಯವು ಮೆಚ್ಚಿಕೆಯನ್ನು ಪಡೆಯಿತು. ಆದರೂ ರೈತರು ಒಬ್ಬೊಬ್ಬರಾಗಿ ಹಿಂಜರಿದರು. ಇದನ್ನು ಅಜ್ಞಾನವೆಂದೋ ಮೊಂಡುತನವೆಂದೋ ಹೇಳಿ ಮುಗಿಸುವುದು ನ್ಯಾಯವಲ್ಲ. ಲೆಕ್ಕವನ್ನು ನೋಡಬೇಕು. ರಿಯೋಹಾದಲ್ಲಿ ಈಗ ಇರುವ ನಿಯಮದ ಪ್ರಕಾರ ಕೆಂಪು ದ್ರಾಕ್ಷಿಯ ಇಳುವರಿಯು ಹೆಕ್ಟೇರಿಗೆ 6,500 ಕಿಲೋಗ್ರಾಂ, ಎಂದರೆ ಎಕರೆಗೆ ಸುಮಾರು 26 ಕ್ವಿಂಟಾಲು ಮೀರಬಾರದು. 100 ಕಿಲೋ ಹಣ್ಣಿಗೆ 70 ಲೀಟರಿಗಿಂತ ಹೆಚ್ಚು ಮದ್ಯವನ್ನು ಇಳಿಸಕೂಡದು. ಈ ಮಾನದಿಂದ ಎಕರೆಗೆ ಸುಮಾರು 1,800 ಲೀಟರು. ಅದಕ್ಕೆ ಎಂಟು ಪೀಪಾಯಿಗಳು ಬೇಕು. ಐದು ಎಕರೆಯ ತೋಟವುಳ್ಳ ರೈತನಿಗೆ ನಲವತ್ತು ಪೀಪಾಯಿ. ಮದ್ಯವನ್ನು ಎರಡು ವರ್ಷ ಇಡಬೇಕಾದರೆ ಮೊದಲ ವರ್ಷದ ಸರಕು ಹೊರಬೀಳುವ ಮುನ್ನವೇ ಎರಡನೆಯ ವರ್ಷದ ಸರಕು ಬಂದು ನಿಲ್ಲುವುದರಿಂದ ಎಂಬತ್ತು ಪೀಪಾಯಿ. ಅವುಗಳನ್ನಿಡಲು ತಂಪಾದ ನೆಲಮಾಳಿಗೆ. ಎರಡು ವರ್ಷ ಮನೆಗೆ ಕಾಸು ಬಾರದೆ ಸಂಸಾರ ನಡೆಯಬೇಕು. ಅಷ್ಟಾದ ಮೇಲೂ ಹೆಚ್ಚಿನ ಬೆಲೆ ಕೊಡುವ ವರ್ತಕನು ಬಂದೇ ಬರುವನೆಂಬ ಭರವಸೆಯಿಲ್ಲ. ಆ ಕಾಲದ ಇಳುವರಿಯು ಹೆಚ್ಚುಕಡಮೆ ಏನೇ ಇದ್ದಿರಲಿ, ಲೆಕ್ಕದ ದಾರಿ ಇದೇ. ಆಡಳಿತ ಮಂಡಲಿಯವರು ತಜ್ಞರನ್ನು ಕೊಟ್ಟರೇ ಹೊರತು ಪೀಪಾಯಿಗೆ ಸಾಲವನ್ನಾಗಲಿ, ಕಾಯುವ ಕಾಲಕ್ಕೆ ಮುಂಗಡವನ್ನಾಗಲಿ ಸಾಕಷ್ಟು ಒದಗಿಸಿದಂತೆ ಕಾಣುವುದಿಲ್ಲ. 1868ರಲ್ಲಿ ಪಿನೋ ಅವರ ಒಪ್ಪಂದವು ಮುಗಿದಾಗ ಅದನ್ನು ಮುಂದುವರಿಸಲಿಲ್ಲ.

ಆಗ ರಿಸ್ಕಾಲ್ ಮಾರ್ಕೆಸರು ಅವರನ್ನು ತಮ್ಮ ತೋಟಕ್ಕೆ ನೇಮಿಸಿಕೊಂಡರು. ರೈತರಿಗೆ ಇಲ್ಲದಿದ್ದ ಎರಡು ಅನುಕೂಲಗಳು ಮಾರ್ಕೆಸರಿಗಿದ್ದುವು. ಕಾಯುವುದಕ್ಕೆ ಬೇಕಾದ ಹಣ ಒಂದು. ಒಳ್ಳೆಯ ಮದ್ಯಕ್ಕೆ ಬೆಲೆ ಕಟ್ಟಬಲ್ಲ ಪೇಟೆಯ ಪರಿಚಯ ಮತ್ತೊಂದು. ಬೋರ್ಡೊದ ಮಾದರಿಯಲ್ಲಿ ಕಟ್ಟಿದ ಮದ್ಯಶಾಲೆಯು ಎಲ್ಸಿಯೇಗೊದಲ್ಲಿ ಆಗಲೇ ಇತ್ತು. ಸ್ಥಳೀಯವಾದ ಟೆಂಪ್ರಾನೀಯೊ, ಗ್ರಾಸಿಯಾನೊ ಜಾತಿಗಳ ಜೊತೆಗೆ ಕಾಬರ್ನೇ ಸೊವಿನ್ಯೋನ್ ಮೊದಲಾದ ಫ್ರೆಂಚ್ ಜಾತಿಯ ಬಳ್ಳಿಗಳನ್ನೂ ನೆಟ್ಟರು. ಗಮನಿಸಬೇಕಾದ ಅಂಶವೇನೆಂದರೆ, ಹೊಸ ಜಾತಿ ಬಂದಿತೆಂದು ಹಳೆಯದನ್ನು ಕಿತ್ತೊಗೆಯಲಿಲ್ಲ. ಟೆಂಪ್ರಾನೀಯೊ ಎಂಬ ಹೆಸರಿಗೆ ಬೇಗ ಮಾಗುವುದೆಂದು ಅರ್ಥ. ಶರತ್ಕಾಲದ ಮಳೆ ಹಿಡಿಯುವ ಮೊದಲೇ ಕೊಯ್ಲಿಗೆ ಬರುವ ಈ ಗುಣವು ಆ ಸೀಮೆಗೆ ಒಗ್ಗಿದುದು. ಇಂದಿಗೂ ಆ ತೋಟದ ಕೆಂಪು ಮದ್ಯದ ಬಹುಭಾಗವು ಈ ಜಾತಿಯ ಹಣ್ಣಿನದೇ.

1895ರಲ್ಲಿ ಬೋರ್ಡೊ ನಗರದಲ್ಲಿಯೇ ನಡೆದ ಪ್ರದರ್ಶನದಲ್ಲಿ ರಿಸ್ಕಾಲ್ ಮದ್ಯಕ್ಕೆ ಗೌರವಪತ್ರವು ದೊರೆಯಿತು. ಫ್ರಾನ್ಸಿನದಲ್ಲದ ಮದ್ಯಕ್ಕೆ ಆ ಮರ್ಯಾದೆ ಸಂದುದು ಅದೇ ಮೊದಲು. ಶಿಷ್ಯನು ಗುರುವಿನ ಮನೆಯಲ್ಲಿಯೇ ಗೆದ್ದಂತಾಯಿತು. ಕೀರ್ತಿಯ ಬೆನ್ನಿಗೇ ಕಳ್ಳಸರಕೂ ಬಂದಿತು. ಖಾಲಿ ಸೀಸೆಗಳಿಗೆ ಕೀಳು ಮದ್ಯವನ್ನು ತುಂಬಿ ಮಾರುವವರು ಹುಟ್ಟಿಕೊಂಡರು. ಇದನ್ನು ತಡೆಯಲು ಸೀಸೆಯ ಸುತ್ತ ತೆಳುವಾದ ತಂತಿಯ ಬಲೆಯನ್ನು ಹೊದಿಸಿ ಮುದ್ರೆ ಹಾಕುವ ಏರ್ಪಾಡಾಯಿತು. ಬಲೆಯನ್ನು ಕತ್ತರಿಸದೆ ಬೂಚನ್ನು ತೆಗೆಯುವಂತಿರಲಿಲ್ಲ. ಈಗ ಆ ಬಲೆಯು ಬಹುಮಟ್ಟಿಗೆ ಅಲಂಕಾರ. ಮೊದಲು ಅದು ಕಾವಲಾಗಿತ್ತು.

ಈ ಮಧ್ಯೆ ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ಫಿಲೋಕ್ಸೆರಾ ಎಂಬ ಮಹಾ ಪೀಡೆಯು ಬಂದೆರಗಿತ್ತು. ಇದು ಅಮೆರಿಕದಿಂದ ಬಳ್ಳಿಗಳ ಸಂಗಡ ಬಂದ, ಹೇನಿನಂಥ ಅತಿ ಸಣ್ಣ ಕೀಟ. ನೆಲದೊಳಗೆ ಬೇರನ್ನು ಕಚ್ಚಿ ರಸ ಹೀರುತ್ತದೆ. ಕಚ್ಚಿದ ಕಡೆ ಗಂಟಾಗಿ ಕೊಳೆತು ಬಳ್ಳಿಯೇ ಸಾಯುತ್ತದೆ. 1860ರ ದಶಕದಲ್ಲಿ ಕಾಣಿಸಿಕೊಂಡ ಈ ಕೀಟವು ಮುಂದಿನ ಎರಡು ದಶಕಗಳಲ್ಲಿ ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿತು. ಸರಕಿಲ್ಲದ ಬೋರ್ಡೊ ವರ್ತಕರು ಬೆಟ್ಟ ದಾಟಿ ರಿಯೋಹಾಕ್ಕೆ ಬಂದು ಮದ್ಯವನ್ನು ಕೊಳ್ಳತೊಡಗಿದರು. ಆಗ ರೈತರಿಗೂ ಬೆಲೆ ಸಿಕ್ಕಿತು. ಪಿನೋ ಅವರ ಕ್ರಮವು ಇತರ ಮದ್ಯಶಾಲೆಗಳಿಗೂ ಹಬ್ಬಿತು. ಬೋಧನೆಯಿಂದ ಆಗದಿದ್ದುದು ಬೆಲೆಯಿಂದ ಆಯಿತು. 1892ರಲ್ಲಿ ಹಾರೊ ಎಂಬ ಪಟ್ಟಣದಲ್ಲಿ ಸರ್ಕಾರದವರು ಮದ್ಯ ಪರೀಕ್ಷೆಗಾಗಿಯೇ ಒಂದು ಶಾಸ್ತ್ರೀಯ ಕೇಂದ್ರವನ್ನು ತೆರೆದರು.

ಆದರೆ ನೆರೆಯವನ ಮನೆಗೆ ಹತ್ತಿದ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡವರಿಗೆ ಅದೇ ಬೆಂಕಿ ತಗಲುವುದು ತಪ್ಪಲಿಲ್ಲ. 1899ರಲ್ಲಿ ಫಿಲೋಕ್ಸೆರಾ ರಿಯೋಹಾದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ತೋಟಗಳ ಬಹುಭಾಗವನ್ನು ನಾಶಮಾಡಿತು. ಕೀಟದ ಜೊತೆಯಲ್ಲಿಯೇ ಬೆಳೆದು ಬಂದ ಅಮೆರಿಕದ ಕಾಡುದ್ರಾಕ್ಷಿಗಳ ಬೇರಿಗೆ ಅದರ ಕಡಿತವನ್ನು ತಾಳಿಕೊಳ್ಳುವ ಶಕ್ತಿಯಿರುವುದೆಂಬುದು ಅಷ್ಟರಲ್ಲಿ ಫ್ರಾನ್ಸಿನ ಅನುಭವದಿಂದ ತಿಳಿದಿತ್ತು. ಆದಕಾರಣ ಅಮೆರಿಕದ ಬೇರುಗಿಡದ ಮೇಲೆ ಊರಿನ ಜಾತಿಯನ್ನು ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸಿದರು. ಹಣ್ಣು ಸ್ಪೇನಿನದು, ಬೇರು ಅಮೆರಿಕದ್ದು. ಇಂದು ರಿಯೋಹಾದಲ್ಲಿ ಸಾಂಪ್ರದಾಯಿಕವೆಂದು ಹೇಳಿಕೊಳ್ಳುವ ಬಳ್ಳಿಯ ಕಾಲು ಸಾಮಾನ್ಯವಾಗಿ ಈ ಹೊಸ ಬೇರಿನ ಮೇಲೆಯೇ ನಿಂತಿರುತ್ತದೆ. ವಿಜಯಪುರ, ಬಾಗಲಕೋಟೆಗಳ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಮಾತು ಹೊಸದಲ್ಲ. ಅವರು ಉಪಯೋಗಿಸುವ ಡಾಗ್ರಿಡ್ಜ್ ಎಂಬ ಬೇರುಗಿಡವೂ ಅಮೆರಿಕದ ಮೂಲದ್ದೇ. ಆದರೆ ಇಲ್ಲಿ ಅದನ್ನು ಹಾಕುವುದು ಮುಖ್ಯವಾಗಿ ನೀರಿನ ಕೊರತೆಯನ್ನೂ ನೆಲದ ಉಪ್ಪನ್ನೂ ತಾಳಿಕೊಳ್ಳುವುದಕ್ಕಾಗಿ.

ಕಳ್ಳಸರಕಿನ ಹಾವಳಿಗೆ ಒಬ್ಬೊಬ್ಬರ ತಂತಿಬಲೆ ಸಾಲದೆಂದು ಕಂಡಾಗ ಸೀಮೆಯವರೆಲ್ಲ ಕೂಡಿ ಕಾನೂನಿನ ರಕ್ಷಣೆಯನ್ನು ಬೇಡಿದರು. 1925ರಲ್ಲಿ ರಿಯೋಹಾ ಎಂಬ ಹೆಸರಿಗೆ ಸರ್ಕಾರದ ರಕ್ಷಣೆ ದೊರೆಯಿತು. ಸ್ಪೇನಿನಲ್ಲಿ ಇಂಥ ಮನ್ನಣೆ ಪಡೆದ ಮದ್ಯಸೀಮೆಗಳಲ್ಲಿ ಇದೇ ಮೊದಲನೆಯದು. ಮೇಲೆ ಹೇಳಿದ ಇಳುವರಿಯ ಮಿತಿಯು ಇದರ ಕಟ್ಟಳೆಗಳಲ್ಲಿ ಒಂದು. ಚಪ್ಪರದ ಮೇಲೆ ಇದಕ್ಕೆ ಹಲವು ಪಾಲು ಫಸಲು ತೆಗೆಯುವ ನಮ್ಮ ಬೆಳೆಗಾರರಿಗೆ ಈ ಮಿತಿಯು ವಿಚಿತ್ರವಾಗಿ ತೋರಬಹುದು. ಬಳ್ಳಿಯ ಮೇಲೆ ಗೊಂಚಲು ಕಡಮೆಯಾದಷ್ಟೂ ಉಳಿದ ಹಣ್ಣಿನಲ್ಲಿ ಸಕ್ಕರೆಯೂ ಬಣ್ಣವೂ ಹೆಚ್ಚುವುವೆಂಬುದೇ ಅದರ ತತ್ತ್ವ. ಪಕ್ವಗೊಳಿಸುವ ಅವಧಿಗೂ ಕಟ್ಟಳೆಯುಂಟು. ಕೆಂಪು ಮದ್ಯಕ್ಕೆ ರೆಸೆರ್ವಾ ಎಂಬ ಹೆಸರು ಹಾಕಬೇಕಾದರೆ ಮೂರು ವರ್ಷ ಇಟ್ಟಿರಬೇಕು. ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ಗ್ರಾನ್ ರೆಸೆರ್ವಾ ಎಂಬುದಕ್ಕೆ ಐದು ವರ್ಷ. ಕಿಂತಾನೊನ ಕಾಲದಲ್ಲಿ ಕಾಯುವವನಿಗೂ ಕಾಯದವನಿಗೂ ಒಂದೇ ದರವಿದ್ದುದು, ಈಗ ಕಾದ ವರ್ಷಗಳೇ ಸೀಸೆಯ ಮೇಲೆ ಅಚ್ಚಾಗಿ ಬೆಲೆಯಾಗುತ್ತವೆ. ಕಾಬರ್ನೇ ಜಾತಿಯು ಈ ಸೀಮೆಯ ಅನುಮತಿಯ ಪಟ್ಟಿಯಲ್ಲಿಲ್ಲ. ಆದರೂ ರಿಸ್ಕಾಲ್ ತೋಟದಲ್ಲಿ ಅದು ಕಟ್ಟಳೆಗಿಂತ ಹಿಂದಿನಿಂದ ಇದ್ದುದರಿಂದ ಅಲ್ಲಿ ಮುಂದುವರಿಯಲು ಬಿಟ್ಟಿದ್ದಾರೆ.

ಈಗಿನ ತಯಾರಿಕೆಯಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂಬುದನ್ನು ನೋಡಬಹುದು. ಉತ್ತಮ ತರಗತಿಯ ಮದ್ಯಕ್ಕಾಗಿ ಹಳೆಯ ಬಳ್ಳಿಗಳ ಗೊಂಚಲನ್ನು ಕೈಯಿಂದಲೇ ಕೊಯ್ದು, ಮೇಜಿನ ಮೇಲೆ ಹರಡಿ ಆರಿಸುತ್ತಾರೆ. ಪೀಪಾಯಿಯ ಪ್ರಮಾಣವು ಪಿನೋ ಅವರ ಕಾಲದ 225 ಲೀಟರೇ ಆಗಿದೆ. ಬದಲಾದುದು ಮುಖ್ಯವಾಗಿ ಹುದುಗೇಳುವ ಘಟ್ಟದಲ್ಲಿ. ಹುದುಗೇಳುವಾಗ ರಸವು ತಾನಾಗಿಯೇ ಬಿಸಿಯಾಗುತ್ತದೆ. ಬಿಸಿ ಮಿತಿಮೀರಿದರೆ ಹುದುಗಿನ ಜೀವಿಗಳು ಸತ್ತು, ಸಕ್ಕರೆಯು ಅರ್ಧದಲ್ಲಿಯೇ ಉಳಿದು, ಕೆಡಿಸುವ ಜೀವಿಗಳಿಗೆ ಆಹಾರವಾಗುವುದು. ಹಿಂದೆ ಇದಕ್ಕೆ ಕೆಲಸಗಾರನ ಕೈಯೂ ಮೂಗೂ ಮಾತ್ರ ಅಳತೆಗೋಲು. ಈಗ ತುಕ್ಕು ಹಿಡಿಯದ ಉಕ್ಕಿನ ತೊಟ್ಟಿಗಳ ಸುತ್ತ ತಣ್ಣೀರನ್ನು ಹರಿಸಿ ಬೇಕಾದ ಕಾವಿನಲ್ಲಿ ನಿಲ್ಲಿಸುತ್ತಾರೆ. ಕೊಯ್ಲಿನ ದಿನವನ್ನು ಹಬ್ಬಹರಿದಿನ ನೋಡಿ ಇಡುವುದಿಲ್ಲ. ಹಣ್ಣಿನ ಸಕ್ಕರೆ, ಹುಳಿ, ಸಿಪ್ಪೆಯ ಪಕ್ವತೆ ಇವನ್ನು ಪರೀಕ್ಷಿಸಿ ಗೊತ್ತುಮಾಡುತ್ತಾರೆ. ಬೇರೆ ಬೇರೆ ಹೊಲಗಳ ಹಣ್ಣನ್ನು ಬೇರೆಯಾಗಿಯೇ ಹುದುಗಿಸಿದರೆ ಯಾವ ನೆಲದ ಗುಣ ಏನೆಂಬುದು ತಿಳಿಯುತ್ತದೆ. ಒಟ್ಟಿನಲ್ಲಿ, ಅಳೆಯಬಹುದಾದ ಕಡೆ ಯಂತ್ರವನ್ನೂ, ಕಾಲವೇ ಮಾಡಬೇಕಾದ ಕೆಲಸಕ್ಕೆ ಮರದ ಪೀಪಾಯಿಯನ್ನೂ ಇಟ್ಟುಕೊಂಡಿದ್ದಾರೆ.

ಬಿಳಿಯ ಮದ್ಯದ ವಿಷಯದಲ್ಲಿ ಈ ಸಂಸ್ಥೆಯವರು ತಮ್ಮ ಸೀಮೆಯ ಅಭಿಮಾನಕ್ಕೆ ಕಟ್ಟುಬೀಳಲಿಲ್ಲವೆಂಬುದು ಮೆಚ್ಚತಕ್ಕ ಸಂಗತಿ. ಹೊಸ ಬಗೆಯ ಬಿಳಿಯ ಮದ್ಯವನ್ನು ಮಾಡಬೇಕೆಂದಾಗ ಬೋರ್ಡೊದ ಪ್ರಸಿದ್ಧ ತಜ್ಞರಾದ ಎಮೀಲ್ ಪೇನೋ ಅವರ ಸಲಹೆಯನ್ನು ಕೇಳಿ, 1972ರಲ್ಲಿ ರಿಯೋಹಾದಿಂದ ಬಹುದೂರದಲ್ಲಿರುವ ರೂಯೇದಾ ಎಂಬ ಎತ್ತರದ ಬಯಲುಸೀಮೆಯನ್ನು ಆರಿಸಿಕೊಂಡರು. ಅಲ್ಲಿನ ವೆರ್ದೇಹೊ ಎಂಬ ಹಳೆಯ ಜಾತಿಯ ಹಣ್ಣು ಗಾಳಿ ತಾಕಿದರೆ ಬೇಗ ಕಂದುತ್ತದೆ. ಆದಕಾರಣ ಆ ಊರಿನ ಹಿಂದಿನವರು ಅದರಿಂದ ಗಾಢವಾದ, ಬಣ್ಣಗಟ್ಟಿದ ಮದ್ಯವನ್ನೇ ಮಾಡುತ್ತಿದ್ದರು. ತಂಪು ಹೊತ್ತಿನಲ್ಲಿ ಕೊಯ್ದು, ಗಾಳಿ ತಾಕದಂತೆ ಹಿಂಡಿ, ತಣ್ಣಗಿರುವ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸಿದಾಗ ಅದೇ ಹಣ್ಣು ತಿಳಿಯಾದ ಸುವಾಸನೆಯ ಮದ್ಯವನ್ನು ಕೊಟ್ಟಿತು. 1980ರಲ್ಲಿ ರೂಯೇದಾ ಸೀಮೆಗೂ ಸರ್ಕಾರದ ಮನ್ನಣೆ ಬಂದಿತು. ಕಾಣೆಯಾಗುತ್ತಿದ್ದ ಒಂದು ಹಳೆಯ ಜಾತಿಯು ಹೊಸ ಯಂತ್ರದಿಂದ ಉಳಿಯಿತೆಂದು ಹೇಳಬಹುದು.

2006ರಲ್ಲಿ ಎಲ್ಸಿಯೇಗೊದ ಹಳೆಯ ಮದ್ಯಶಾಲೆಯ ಪಕ್ಕದಲ್ಲಿ, ಫ್ರಾಂಕ್ ಗೇರಿ ಎಂಬ ಶಿಲ್ಪಿಯು ರಚಿಸಿದ, ಟೈಟೇನಿಯಂ ತಗಡುಗಳು ಗಾಳಿಗೆ ಹಾರುತ್ತಿರುವಂತೆ ಕಾಣುವ ಒಂದು ವಸತಿಗೃಹವು ತೆರೆಯಿತು. ತಗಡುಗಳಿಗೆ ಕೆಂಪು ಮದ್ಯದ, ತಂತಿಬಲೆಯ ಹೊಂಬಣ್ಣದ ಮತ್ತು ಸೀಸೆಯ ಮುಚ್ಚಳದ ಬೆಳ್ಳಿಯ ಛಾಯೆಗಳನ್ನು ಕೊಟ್ಟಿದ್ದಾರೆ. ದೇಶವಿದೇಶಗಳ ಯಾತ್ರಿಕರು ಇದನ್ನು ನೋಡಲು ಬರುತ್ತಾರೆ. ಬೇಸಾಯಗಾರನ ಕಣ್ಣಿಗಾದರೋ ಅದಕ್ಕಿಂತ ನೋಡತಕ್ಕದ್ದು ಅದರ ಬಳಿಯ ನೆಲಮಾಳಿಗೆ. 1862ರ ಮೊದಲನೆಯ ಮದ್ಯದಿಂದ ಹಿಡಿದು ಪ್ರತಿ ವರ್ಷದ ಸೀಸೆಗಳನ್ನೂ ಅಲ್ಲಿ ದಾಸ್ತಾನಿಟ್ಟಿದ್ದಾರೆ. ಯಾವ ವರ್ಷದ ಮಳೆ ಬಿಸಿಲುಗಳು ಹಣ್ಣಿಗೆ ಏನು ಮಾಡಿದುವೆಂಬುದಕ್ಕೆ ಅಷ್ಟು ದೀರ್ಘವಾದ ದಾಖಲೆಯು ಬಲು ಕಡಮೆ ತೋಟಗಳಲ್ಲಿ ದೊರೆಯುತ್ತದೆ.

ತೋಟವು ತನ್ನ ಸ್ವಂತ ಬಳ್ಳಿಗಳ ಹಣ್ಣಲ್ಲದೆ ಸುತ್ತಲಿನ ಬೆಳೆಗಾರರಿಂದಲೂ ದ್ರಾಕ್ಷಿಯನ್ನು ಕೊಳ್ಳುತ್ತದೆ. ರಿಯೋಹಾದ ಇತರ ದೊಡ್ಡ ಮದ್ಯಶಾಲೆಗಳ ಪದ್ಧತಿಯೂ ಇದೇ. ಪೀಪಾಯಿಯ ಭಾರವನ್ನೂ ಕಾಯುವ ಭಾರವನ್ನೂ ಹೊರುವವರು ಮದ್ಯಶಾಲೆಯವರಾದುದರಿಂದ ಸಣ್ಣ ರೈತನು ಹಣ್ಣನ್ನು ಮಾರಿ ಅದೇ ವರ್ಷ ಹಣವನ್ನು ಕಾಣುತ್ತಾನೆ. 1868ರಲ್ಲಿ ರೈತರನ್ನು ಹಿಂಜರಿಸಿದ ತೊಡಕು ಈ ರೀತಿಯಾಗಿ ಪರಿಹಾರವಾಯಿತು. ಆದರೆ ಹೊರೆಯ ಜೊತೆಗೆ ಲಾಭದ ದೊಡ್ಡ ಪಾಲೂ ಮದ್ಯಶಾಲೆಯ ಕಡೆಗೇ ಹೋಯಿತು. ಹಣ್ಣಿಗೆ ಕೊಡುವ ದರವು ಬೇಸಾಯದ ಖರ್ಚಿಗೂ ಸಾಲದೆಂಬ ದೂರು ಆ ಸೀಮೆಯ ಬೆಳೆಗಾರರಿಂದ ಪದೇ ಪದೇ ಕೇಳಿಬರುತ್ತಿದೆ. ಸ್ಪೇನ್ ಸರ್ಕಾರದವರು 2013ರಲ್ಲಿ ಮಾಡಿ 2021ರಲ್ಲಿ ಬಿಗಿಗೊಳಿಸಿದ ಕಾಯಿದೆಯ ಪ್ರಕಾರ, ಬೆಳೆಗಾರನಿಂದ ಸರಕು ಕೊಳ್ಳುವವರು ಲಿಖಿತ ಕರಾರು ಮಾಡಿಕೊಳ್ಳತಕ್ಕದ್ದು. ಉತ್ಪಾದನೆಯ ಖರ್ಚಿಗಿಂತ ಕಡಮೆ ಬೆಲೆ ಕೊಡಕೂಡದು. ಕೆಂಪು ಮದ್ಯದ ಗಿರಾಕಿ ತಗ್ಗಿ ಸರಕು ಮಿಕ್ಕಿದ 2023ರಲ್ಲಿ, ಗೊಂಚಲು ಮಾಗುವ ಮೊದಲೇ ಕತ್ತರಿಸಿ ನೆಲಕ್ಕೆ ಕೆಡವಲು ಒಪ್ಪಿದ ಬೆಳೆಗಾರರಿಗೆ ಅಲ್ಲಿನ ಸರ್ಕಾರಗಳು ಸಹಾಯಧನವನ್ನು ಕೊಡಬೇಕಾಗಿ ಬಂದಿತು. ಕಾಯಿದೆಯಲ್ಲಿ ಹೇಳಿದ ಉತ್ಪಾದನೆಯ ಖರ್ಚು ಎಂದರೆ ಎಷ್ಟು, ಹಳೆಯ ಬಳ್ಳಿಯ ಇಳಿಜಾರು ತೋಟಕ್ಕೂ ಯಂತ್ರದಿಂದ ಕೊಯ್ಯುವ ಸಮತಟ್ಟು ತೋಟಕ್ಕೂ ಒಂದೇ ಲೆಕ್ಕವೋ ಬೇರೆ ಬೇರೆಯೋ ಎಂಬ ವ್ಯಾಜ್ಯವು ಬೆಳೆಗಾರರಿಗೂ ಮದ್ಯಶಾಲೆಗಳವರಿಗೂ ನಡುವೆ ಇನ್ನೂ ತೀರಿಲ್ಲ.